ಸಿಡಿಲಣ್ಣನ ಹೊದಿಕೆಯ ಮೇಲಿನ ಹದಿನೇಳು

ಅವಳು ಮೊದಲ ಸಲ ಆ ಮನೆಯ ಬಾಗಿಲು ತಟ್ಟಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ. ಹನ್ನೊಂದಕ್ಕೆ ಬರುತ್ತೇನೆಂದು ಕಾಗದ ಬರೆದಿದ್ದಳು. ಐದು ನಿಮಿಷ ಮೊದಲೇ ಬಂದು ಮುಟ್ಟಿದ್ದಳು. ತಟ್ಟುವುದೋ ಕಾಯುವುದೋ ಎಂದು ಯೋಚಿಸುವುದರಲ್ಲಿ ಮೂರು ನಿಮಿಷ ಹೋಯಿತು. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಅದರ ಮೇಲೆ ಹೊಲಿಗೆ ಯಂತ್ರದ ಬಿಡಿಭಾಗಗಳ ಗೋದಾಮು, ಅದರ ಮೇಲೆ ಈ ಮನೆ. ಕೆಳಗಿನ ಎರಡು ಅಂತಸ್ತಿನ ಮೆಟ್ಟಿಲ ಕಂಬಿ ಬರೀ ತುಕ್ಕು. ಮೂರನೆಯದು ಮಾತ್ರ ಕಾಮನಬಿಲ್ಲಿನ ಹಾಗಿತ್ತು. ಯಾರೋ ವರ್ಷಗಟ್ಟಲೆ ಹೋಗುತ್ತ ಬರುತ್ತ ಅದಕ್ಕೆ ಕುಂಚ ಒರೆಸಿದ್ದರು. ಅದನ್ನು ನೋಡಿಯೇ ಅವಳಿಗೆ ವಿಳಾಸ ಸರಿಯಾಗಿದೆ ಎಂದು ಧೈರ್ಯ ಬಂದದ್ದು.

ಬಾಗಿಲು ತೆರೆದವರು ಎಪ್ಪತ್ತು ದಾಟಿದ ಒಬ್ಬ ಸಣಕಲು ಮನುಷ್ಯ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಕುಂಚ ಇನ್ನೂ ಒದ್ದೆಯಾಗಿದ್ದು ಕಿವಿಯ ತುದಿ ಹಸಿರಾಗಿತ್ತು. ಅವರು ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಯಾವ ಅಳತೆ?" ಎಂದರು.

ಆ ಬಾಗಿಲಿಗೆ ಬರುವವರೆಲ್ಲ ಅಂಗಡಿಯ ಬೋರ್ಡು ಬರೆಸಲು ಬರುವವರೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸಂಗ್ರಹಾಲಯದಿಂದ ಬಂದಿದ್ದೇನೆ, ಕಾಗದ ಬರೆದಿದ್ದೆ, ತಮ್ಮ ಮೇಲೆ ಆದ ಕಲಾತ್ಮಕ ಪ್ರಭಾವಗಳ ಬಗ್ಗೆ ಕೇಳಬೇಕಿತ್ತು ಎಂದು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಅವರು ತಲೆ ಆಡಿಸಿದರು, ಒಳಗೆ ಕರೆದರು, ಕುರ್ಚಿಯ ಮೇಲಿದ್ದ ಬಣ್ಣದ ಡಬ್ಬಿಗಳನ್ನು ಎತ್ತತೊಡಗಿದರು. ಅಷ್ಟರಲ್ಲಿ ತೊಂದರೆ ಯಾಕೆಂದು ಅವಳು ಪಕ್ಕದಲ್ಲಿದ್ದ ಮರದ ಸ್ಟೂಲಿನ ಮೇಲೆ ಕೂರಲು ಹೋದಳು.

"ಅದರ ಮೇಲೆ ಬೇಡಮ್ಮ," ಎಂದು ಒಳಕೋಣೆಯಿಂದ ಹೆಂಗಸಿನ ದನಿ ಬಂತು. "ಅದರ ಒಂದು ಕಾಲು ಸಿಡಿಲಣ್ಣನ ಭಾರಕ್ಕೇ ಸೋತಿದೆ."

ಒಳಗೆ ಇಸ್ತ್ರಿಪೆಟ್ಟಿಗೆ ಮೇಜಿನ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಚಿತ್ರಕಾರರು ಜೋರಾಗಿ ಕೆಮ್ಮಿದರು. ಆ ಕೆಮ್ಮು ನೆಗಡಿಯದಲ್ಲ ಎಂದು ಅವಳಿಗೆ ಅನ್ನಿಸಿತಾದರೂ, ಕೈಯಲ್ಲಿದ್ದ ಪಟ್ಟಿಯಲ್ಲಿ ಇಪ್ಪತ್ಮೂರು ಪ್ರಶ್ನೆಗಳಿದ್ದವು, ಕೆಮ್ಮಿನ ಬಗ್ಗೆ ಒಂದೂ ಇರಲಿಲ್ಲ. ಅವಳು ಕುರ್ಚಿಯ ಮೇಲೆ ಕೂತು ಮೊದಲನೆಯ ಪ್ರಶ್ನೆಗೆ ಗುರುತು ಹಾಕಿಕೊಂಡಳು. ಅಂದಿನಿಂದ ಆ ಮನೆಯಲ್ಲಿ ಅವಳಿಗೆ ಪಟ್ಟಿ ಹುಡುಗಿ ಎಂದೇ ಹೆಸರು ಬಿತ್ತು.

ಪಟ್ಟಿ ಹುಡುಗಿ ಸಂಗ್ರಹಾಲಯದಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸದಲ್ಲಿದ್ದಳು. ಅವಳ ಮನೆತನದಲ್ಲಿ ಕಾಲೇಜು ಮುಗಿಸಿದವಳು ಅವಳೊಬ್ಬಳೇ. ಮಗಳು ಕಂಬಗಳಿರುವ ದೊಡ್ಡ ಕಟ್ಟಡದಲ್ಲಿ ಕೂರುತ್ತಾಳೆ ಎಂದು ಅಪ್ಪ ಹಳ್ಳಿಯಲ್ಲಿ ಆಗಲೇ ಎಲ್ಲರ ಕಿವಿಗೂ ಹಾಕಿ ಆಗಿತ್ತು. ಅವಳು ಕೂರುತ್ತಿದ್ದದ್ದು ಆ ಕಂಬಗಳ ಬುಡದಲ್ಲಿದ್ದ ನೆಲಮಾಳಿಗೆಯಲ್ಲಿ ಎಂಬುದನ್ನು ಅವಳು ಹೇಳಿರಲಿಲ್ಲ, ಅಪ್ಪ ಕೇಳಿರಲಿಲ್ಲ. ಆ ನೆಲಮಾಳಿಗೆಗೆ ಯಾರೋ ಪುಣ್ಯಾತ್ಮರು ಒಂದು ಟ್ರಂಕು ತುಂಬ ಹಳೆಯ ಚಿತ್ರಕಥೆ ಮಾಸಪತ್ರಿಕೆಗಳನ್ನು ದಾನ ಕೊಟ್ಟಿದ್ದರು. ಪತ್ರಿಕೆಯ ಹೆಸರು 'ಸಿಡಿಲಣ್ಣ'. ಒಂಬತ್ತು ವರ್ಷ ನಾಲ್ಕು ತಿಂಗಳು ನಡೆದು ನಿಂತುಹೋದದ್ದು. ಒಟ್ಟು ನೂರ ಹನ್ನೆರಡು ಸಂಚಿಕೆ, ನೂರ ಹನ್ನೆರಡು ಮುಖಪುಟ. ಪ್ರತಿಯೊಂದರಲ್ಲೂ ಸಿಡಿಲಣ್ಣ ಎಂಬ ಮಹಾವೀರ ಎದೆ ಸೆಟೆದು ನಿಂತಿದ್ದಾನೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಆಕಾಶಕ್ಕೆ. ಬೆನ್ನ ಹಿಂದೆ ಕೆಂಪು ಹೊದಿಕೆ ಗಾಳಿಗೆ ಹಾರುತ್ತಿದೆ. ಎಲ್ಲಿಯೂ ಚಿತ್ರಕಾರನ ಸಹಿ ಇಲ್ಲ. ಮುಖಪುಟದ ಮೇಲೆ ಸಿಡಿಲಣ್ಣನ ಹೆಸರು ಬಿಟ್ಟು ಬೇರೆ ಹೆಸರು ಇರಕೂಡದು ಎಂಬುದು ಆ ಪತ್ರಿಕೆಯ ಸಂಪಾದಕರ ಕಟ್ಟಪ್ಪಣೆಯಾಗಿತ್ತು. ಚಿತ್ರಕಾರರ ವಿಳಾಸ ಅವಳಿಗೆ ಸಿಕ್ಕಿದ್ದು ಟ್ರಂಕಿನ ತಳದಲ್ಲಿದ್ದ ಒಂದು ಹಳೆಯ ಸಂಭಾವನೆಯ ರಸೀದಿಯಲ್ಲಿ.

ಸಂಗ್ರಹಾಲಯದ ಮೇಲಧಿಕಾರಿ ಅವನ್ನು ನೋಡಿ ಪ್ರದರ್ಶನ ಇಡೋಣ ಎಂದರು. ಅವರು ವಿದೇಶದಲ್ಲಿ ಓದಿ ಬಂದವರು. ಮಾತಿನ ಮಧ್ಯೆ ಒಂದು ಸಲವಾದರೂ ಯಾವುದೋ ದೂರದೇಶದ ಚಾವಣಿಯನ್ನು ನೆನೆಸಿಕೊಳ್ಳದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. "ಪ್ರತಿ ಚಿತ್ರಕ್ಕೂ ಒಬ್ಬ ತಂದೆ ಇರ್ತಾನೆ," ಎಂದು ಅವರು ಪಟ್ಟಿ ಹುಡುಗಿಗೆ ಹೇಳಿದ್ದರು. "ಇನ್ನೊಂದು ಚಿತ್ರ, ಇನ್ನೊಬ್ಬ ಗುರು. ನಿನ್ನ ಕೆಲಸ ಆ ತಂದೆಯನ್ನ ಹುಡುಕೋದು." ಪ್ರಭಾವಗಳ ಮೇಲೆ ಒಂದು ಕಿರುಪುಸ್ತಕ ಚೆನ್ನಾಗಿ ಬಂದರೆ ಅವಳ ಕೆಲಸ ಕಾಯಂ. ಬಾರದಿದ್ದರೆ ಆರು ತಿಂಗಳು ಮುಗಿದ ದಿನ ಅವಳು ಪೆಟ್ಟಿಗೆ ಕಟ್ಟಬೇಕು, ಕಂಬದ ಕಟ್ಟಡದ ಕಥೆಗೆ ಅಪ್ಪನೇ ಏನಾದರೂ ಕೊನೆ ಹುಡುಕಿಕೊಳ್ಳಬೇಕು.

ಹೀಗಾಗಿ ಅವಳು ಎಂಟು ಮಂಗಳವಾರ ಆ ಬಣ್ಣಬಣ್ಣದ ಕಂಬಿ ಹಿಡಿದು ಮೇಲೆ ಹತ್ತಿದಳು.

ಚಿತ್ರಕಾರರ ಒಂದು ಸ್ವಭಾವ ಅವಳಿಗೆ ಬಹಳ ಹಿಡಿಸಿತು. ಎಷ್ಟು ಕಷ್ಟದ ಪ್ರಶ್ನೆ ಕೇಳಿದರೂ ಅವರು ಅಡ್ಡ ಮಾತಾಡುತ್ತಿರಲಿಲ್ಲ. ಸಿಡಿಲಣ್ಣನನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ನೋಡಿದ ಹಾಗೆ ಬರೆದಿದ್ದೀರಲ್ಲ, ಹಳೆಯ ಪ್ರಾರ್ಥನಾಮಂದಿರಗಳ ಚಾವಣಿ ಚಿತ್ರಗಳಿಂದ ಬಂದ ದೃಷ್ಟಿಯೇ ಅದು ಎಂದು ಅವಳು ಕೇಳಿದರೆ, ಅವರು ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಸ್ವಲ್ಪ ಯೋಚಿಸಿ, "ಹಾಗೂ ಅನ್ನಬಹುದು," ಎನ್ನುತ್ತಿದ್ದರು. ಅವನ ಪಾದಗಳು ಎಂದೂ ಕಾಣುವುದಿಲ್ಲ, ಮೋಡವೋ ಹೊಗೆಯೋ ನೀರೋ ಅವನ್ನು ಮುಚ್ಚಿರುತ್ತದೆ, ಮನುಷ್ಯ ಭೂಮಿಯ ಬಂಧನ ಕಳಚಿಕೊಂಡದ್ದರ ಸಂಕೇತವೇ ಎಂದರೆ, "ಹಾಗೂ ಅನ್ನಬಹುದು." ಹೊದಿಕೆಯ ಮೂಲೆಯಲ್ಲಿ ಹೆಚ್ಚುಕಡಿಮೆ ಪ್ರತಿಸಲ ಸಣ್ಣದಾಗಿ ೧೭ ಎಂದು ಇದೆಯಲ್ಲ, ವೀರನಿಗೆ ಇರಬೇಕಾದ ಹದಿನೇಳು ಗುಣಗಳು ಅಂತ ಒಂದು ಹಳೆಯ ಗ್ರಂಥದಲ್ಲಿ ಓದಿದೆ, ಅದೇ ಇರಬಹುದೇ ಎಂದಾಗ ಮಾತ್ರ ಅವರು ಒಮ್ಮೆ ಒಳಕೋಣೆಯ ಕಡೆ ಕಳ್ಳನೋಟ ಬೀರಿ, ದನಿ ತಗ್ಗಿಸಿ, "ಹಾಗೂ ಅನ್ನಬಹುದಮ್ಮ," ಎಂದರು.

ಅವಳು ಎಲ್ಲವನ್ನೂ ಬರೆದುಕೊಂಡಳು. ಎರಡು ನೋಟುಪುಸ್ತಕ ತುಂಬಿದವು. ಇಷ್ಟು ವಿನಯದ ಮೇಧಾವಿ ಇಂಥ ಬೀದಿಯಲ್ಲಿ ಹುದುಗಿ ಕೂತಿದ್ದಾರಲ್ಲ ಎಂದು ಬಸ್ಸಿನಲ್ಲಿ ಹೋಗುತ್ತ ಅವಳ ಕಣ್ಣು ತೇವವಾದದ್ದೂ ಉಂಟು. ಕೇಳಿದ್ದಕ್ಕೆಲ್ಲ ಹೌದೆನ್ನುವ ಮನುಷ್ಯನ ಬಾಯಿಂದ ಎಂಟು ವಾರದಲ್ಲಿ ಒಂದಾದರೂ ಹೊಸ ವಿಷಯ ಹೊರಬಿದ್ದಿತೇ ಎಂದು ಅವಳು ಯೋಚಿಸಲಿಲ್ಲ. ಪ್ರಶ್ನೆ ಅವಳದು, ಉತ್ತರವೂ ಅವಳದೇ, ಅವರದು ಬರೀ ಮೊಹರು.

ಬರಹ ಮುಗಿಸಿ ಮೇಲಧಿಕಾರಿಗೆ ಕೊಟ್ಟಳು. ಅವರು ಮೂರು ಕಡೆ ಅಡಿಗೆರೆ ಎಳೆದು, ಎರಡು ಚಾವಣಿಗಳನ್ನು ತಾವೇ ಸೇರಿಸಿ, ಬಹಳ ಸೊಗಸಾಗಿದೆ ಎಂದು ಅಚ್ಚಿಗೆ ಕಳಿಸಿದರು. ಕರಡಚ್ಚು ಬಂತು. ತಿದ್ದಿ ಶುಕ್ರವಾರದೊಳಗೆ ಹಿಂತಿರುಗಿಸಬೇಕು. ಅಷ್ಟಾದರೆ ಕೆಲಸ ಕೈಯಲ್ಲಿದ್ದ ಹಾಗೆ.

ಅವಳ ಜಾಗದಲ್ಲಿ ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಆದರೆ ಕಾಲೇಜಿನಲ್ಲಿ ಯಾವುದೇ ಸಂಗತಿಗೆ ಎರಡು ಆಧಾರ ಬೇಕೆಂದು ಹೇಳಿಕೊಟ್ಟಿದ್ದರು, ಅವಳು ಅದನ್ನು ನಂಬಿದ್ದಳು. ಎರಡನೆಯ ಆಧಾರಕ್ಕಾಗಿ ಆ ಸೋಮವಾರ ಸಿಡಿಲಣ್ಣನ ಕಥೆಗಳನ್ನು ಬರೆಯುತ್ತಿದ್ದವರನ್ನು ಹುಡುಕಿಕೊಂಡು ಹೋದಳು. ಕಥೆಗಾರರು ಚಿತ್ರಕಾರರ ಹೆಂಡತಿಯ ತಮ್ಮ. ನ್ಯಾಯಾಲಯದ ಎದುರಿನ ಮರದ ಕೆಳಗೆ ಬೆರಳಚ್ಚು ಯಂತ್ರ ಇಟ್ಟುಕೊಂಡು ಅರ್ಜಿಗಳನ್ನು ಬರೆದುಕೊಡುತ್ತಿದ್ದರು. ದುಂಡು ಮೈ, ದುಂಡು ಕನ್ನಡಕ. ಭಾವನ ಹೆಸರೆತ್ತಿದ ಕೂಡಲೇ ಯಂತ್ರದಿಂದ ಕೈ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡು, ಕರಡಚ್ಚನ್ನು ಇಸಿದುಕೊಂಡು ಓದತೊಡಗಿದರು. ಓದುತ್ತ ಓದುತ್ತ ಹೊಟ್ಟೆ ಕುಲುಕತೊಡಗಿತು.

"ಭೂಮಿಯ ಬಂಧನವಾ?" ಎಂದರು ಕಣ್ಣೊರೆಸಿಕೊಳ್ಳುತ್ತ. "ಅಮ್ಮಾ ತಾಯಿ, ನಮ್ಮ ಭಾವನಿಗೆ ಪಾದ ಬರೆಯೋಕೆ ಬರಲ್ಲ. ಅಷ್ಟೇ ವಿಷಯ. ಮೊದಲ ಮುಖಪುಟದ ಕರಡಿನಲ್ಲಿ ಒಂದು ಸಲ ಬರೆದಿದ್ದ. ಎರಡು ರೊಟ್ಟಿ ಪೊಟ್ಟಣ ಕಟ್ಟಿಕೊಂಡು ನಿಂತ ಹಾಗೆ ಕಾಣ್ತಿತ್ತು. ಆವತ್ತಿಂದ ಮೋಡ ಶುರು."

ಆಮೇಲೆ ಅವರು ಅವಳನ್ನು ಪಕ್ಕದ ಕಲ್ಲಿನ ಮೇಲೆ ಕೂರಿಸಿ ಪತ್ರಿಕೆಯ ಕೆಲಸ ನಡೆಯುತ್ತಿದ್ದ ಬಗೆಯನ್ನು ವಿವರಿಸಿದರು. ಲೋಕದಲ್ಲಿ ಮೊದಲು ಕಥೆ, ಆಮೇಲೆ ಚಿತ್ರ. ಸಿಡಿಲಣ್ಣನಲ್ಲಿ ಎಲ್ಲ ತಲೆಕೆಳಗು. ಬಣ್ಣದ ಮುಖಪುಟ ಅಚ್ಚಾಗಲು ಬಹಳ ದಿನ ಹಿಡಿಯುತ್ತಿದ್ದರಿಂದ ಅದು ಮೊದಲು ಹೋಗಬೇಕು. ತಿಂಗಳ ಹತ್ತನೆಯ ತಾರೀಕು ಭಾವ ಮುಖಪುಟ ಬರೆದು ಕೊಡುವುದು, ಹದಿನೈದರೊಳಗೆ ಭಾವಮೈದುನ ಅದಕ್ಕೆ ತಕ್ಕ ಕಥೆ ಹೊಸೆಯುವುದು. ಭಾವ ತನಗೆ ಬರೆಯಲು ಸುಲಭವಾದದ್ದನ್ನೆಲ್ಲ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಒಮ್ಮೆ ಸಿಡಿಲಣ್ಣ ಒಂದು ಬಸ್ಸನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ನಿಂತಿದ್ದ, ಬಸ್ಸಿನ ಕಿಟಕಿಗಳಲ್ಲೆಲ್ಲ ಕೋಳಿಗಳು. ಆ ವಾರ ಭಾವ ಕೋಳಿ ಅಂಗಡಿಯೊಂದರ ಬೋರ್ಡು ಬರೆಯುತ್ತಿದ್ದರಂತೆ, ಕೈ ಪಳಗಿತ್ತು. ಬಸ್ಸಿನಲ್ಲಿ ಅಷ್ಟು ಕೋಳಿ ಯಾಕೆ ಕೂತವು ಎಂಬುದಕ್ಕೆ ಕಾರಣ ಹುಡುಕುವುದರಲ್ಲಿ ಕಥೆಗಾರರಿಗೆ ಜ್ವರ ಬಂದಿತ್ತು.

ಹಾಗಾದರೆ ಹದಿನೇಳು ಎಂದು ಪಟ್ಟಿ ಹುಡುಗಿ ಮೆಲ್ಲಗೆ ಕೇಳಿದಳು. ಕಥೆಗಾರರ ಮುಖ ಸಣ್ಣದಾಯಿತು. ಒಂಬತ್ತು ವರ್ಷದಲ್ಲಿ ಆ ಹದಿನೇಳಕ್ಕೆ ತಾನು ಮೂರು ಬೇರೆ ಬೇರೆ ಕಾರಣ ಕೊಟ್ಟೆ, ಒಂದು ಕೊಡುವಾಗ ಹಿಂದಿನದು ಮರೆತಿರುತ್ತಿತ್ತು, ಓದುಗರು ಕಾಗದ ಬರೆದು ಪ್ರಾಣ ತಿಂದರು ಎಂದು ಹೇಳಿಕೊಂಡರು. ಮೊದಲು ಅದು ಹದಿನೇಳನೆಯ ನಕ್ಷತ್ರ, ಆಮೇಲೆ ಹದಿನೇಳು ಜನ್ಮ, ಕೊನೆಗೆ ಹದಿನೇಳು ಶತ್ರುಗಳು. ನಿಜ ಏನು ಎಂದು ಅವಳು ಒತ್ತಾಯಿಸಿದಾಗ ಅವರು ಯಂತ್ರಕ್ಕೆ ಹೊಸ ಹಾಳೆ ಏರಿಸಿದರು.

"ಅದನ್ನ ನನ್ನ ಬಾಯಿಂದ ಹೇಳಿಸಬೇಡಿ. ಹೇಳಿದರೆ ಭಾವ ಮುನಿಸ್ಕೊಳ್ತಾನೆ, ಹೇಳದಿದ್ದರೆ ಅಕ್ಕ. ಅಕ್ಕನ್ನೇ ಕೇಳಿ. ನಲವತ್ತು ವರ್ಷದಿಂದ ಯಾರಾದರೂ ಕೇಳಲಿ ಅಂತ ಕೂತಿದ್ದಾಳೆ."

ಎಂಟು ಮಂಗಳವಾರ ಒಳಗಿನ ಇಸ್ತ್ರಿಪೆಟ್ಟಿಗೆಯ ಸದ್ದು ಕೇಳಿದ್ದಳು, ಅದನ್ನು ಹಿಡಿದಿದ್ದ ಕೈಯನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಪಟ್ಟಿಯಲ್ಲಿ ಆಕೆಗೆ ಜಾಗವೇ ಇರಲಿಲ್ಲ. ಮರುದಿನ ಮೆಟ್ಟಿಲು ಹತ್ತುವಾಗ ಪಟ್ಟಿ ಹುಡುಗಿಗೆ ಕಂಬಿ ಹಿಡಿಯಲೂ ನಾಚಿಕೆಯಾಯಿತು.

ಆದರೂ ಅಭ್ಯಾಸಬಲ ನೋಡಿ, ಒಳಗೆ ಹೋದವಳು ಮೊದಲು ಕುರ್ಚಿಯ ಮೇಲೆ ಕೂತು ಚಿತ್ರಕಾರರಿಗೇ ಕರಡಚ್ಚನ್ನು ಓದಿ ಹೇಳಿದಳು. ಅವರು ಹಣ್ಣಿನ ಅಂಗಡಿಯ ಬೋರ್ಡಿಗೆ ಒಂದು ಸೇಬನ್ನು ದುಂಡಗೆ ಮಾಡುತ್ತ ಪ್ರತಿ ಪುಟದ ಕೊನೆಗೂ ತಲೆದೂಗಿದರು. ಪಾದದ ಭಾಗ ಬಂದಾಗ ಒಳಗೆ ಇಸ್ತ್ರಿಯ ಸದ್ದು ನಿಂತಿತು. ಚಿತ್ರಕಾರರ ಹೆಂಡತಿ ಬಾಗಿಲಲ್ಲಿ ಬಂದು ನಿಂತರು. ಎತ್ತರದ ಹೆಂಗಸು, ಅಗಲ ಭುಜ, ಅರವತ್ತೆಂಟರಲ್ಲೂ ಬೆನ್ನು ಬಾಗಿರಲಿಲ್ಲ.

"ಆ ಬಂಧನದ್ದು ಇನ್ನೊಂದು ಸಲ ಓದಮ್ಮ."

ಅವಳು ಓದಿದಳು. ಆಕೆ ಗಂಡನ ಕಡೆ ನೋಡಿದರು. ಗಂಡ ಸೇಬಿನ ಕಡೆ ನೋಡಿದರು.

"ಇವರು ಹೌದು ಅಂದ್ರಾ?"

"ಹಾಗೂ ಅನ್ನಬಹುದು ಅಂದ್ರು," ಎಂದಳು ಪಟ್ಟಿ ಹುಡುಗಿ.

ಆಕೆ ನಗಲಿಲ್ಲ. ನಕ್ಕಿದ್ದರೆ ಚಿತ್ರಕಾರರಿಗೆ ಸಮಾಧಾನವಾಗುತ್ತಿತ್ತೋ ಏನೋ. ಆಕೆ ನೇರ ಒಳಗೆ ಹೋಗಿ, ಕಪಾಟಿನ ಕೆಳಗಿನ ಖಾನೆಯಿಂದ ಒಂದು ಮಡಿಸಿದ ಬಿಳಿ ಹಾಸಿಗೆ ಬಟ್ಟೆ ತಂದು ಹುಡುಗಿಯ ತೊಡೆಯ ಮೇಲೆ ಇಟ್ಟರು. ತೊಳೆದು ತೊಳೆದು ಸವೆದ ಬಟ್ಟೆ. ಮಧ್ಯದಲ್ಲಿ ದೊಡ್ಡ ತೇಪೆ. ಒಂದು ಮೂಲೆಯಲ್ಲಿ ಕೆಂಪು ದಾರದಲ್ಲಿ ಹೊಲಿದ ಎರಡು ಅಂಕಿ: ೧೭. ಏಳರ ಬಾಲದಲ್ಲಿ ಒಂದು ಹೊಲಿಗೆ ತಪ್ಪಿತ್ತು.

ಆಕೆ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರು. ಬೇರೆ ಬೇರೆ ವಾರ್ಡಿನ ಬಟ್ಟೆ ಬೆರಕೆಯಾಗದ ಹಾಗೆ ಪ್ರತಿಯೊಂದರ ಮೂಲೆಗೂ ವಾರ್ಡಿನ ನಂಬರು ಹೊಲಿಯುವುದು ಆಕೆಯ ಪಾಲಿನ ಕೆಲಸ. ಇದು ಹದಿನೇಳನೆಯ ವಾರ್ಡಿನದು. ಹರಿದದ್ದನ್ನು ಒರೆಸುವುದಕ್ಕಾದೀತೆಂದು ಕೆಲಸದವರಿಗೇ ಕೊಡುತ್ತಿದ್ದರು, ಆಕೆ ತೇಪೆ ಹಾಕಿ ಮನೆಗೆ ತಂದಿದ್ದರು. ಆಗ ಈ ಮನೆಯಲ್ಲಿ ಇದ್ದದ್ದು ಒಂದು ಸ್ಟೂಲು. ಕುರ್ಚಿ ಬಂದದ್ದು ಆಮೇಲೆ. ಗಂಡನಿಗೆ ಮೊದಲ ಮುಖಪುಟದ ಕೆಲಸ ಸಿಕ್ಕಿದಾಗ ಗಾಳಿಗೆ ಹಾರುವ ಹೊದಿಕೆ ಹೇಗಿರುತ್ತದೆಂದು ಗೊತ್ತಾಗದೆ ಎರಡು ದಿನ ತಲೆ ಚಚ್ಚಿಕೊಂಡರು. ಮೂರನೆಯ ದಿನ ಆಕೆಯನ್ನು ಸ್ಟೂಲಿನ ಮೇಲೆ ಹತ್ತಿಸಿ, ಬಟ್ಟೆಯನ್ನು ಕುತ್ತಿಗೆಗೆ ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿದರು. ಕೂರಲು ಬೇರೇನೂ ಇಲ್ಲದ್ದರಿಂದ ತಾವು ನೆಲದ ಮೇಲೆ ಕೂತು, ಹಲಗೆಯನ್ನು ಮೊಣಕಾಲ ಮೇಲಿಟ್ಟು ಬರೆದರು.

ಇಷ್ಟು ಹೇಳಿ ಆಕೆ ಸೋತ ಕಾಲಿನ ಆ ಸ್ಟೂಲನ್ನು ಎಳೆದು, ಕುಂಟುವ ಕಡೆಗೆ ಒಂದು ರಟ್ಟಿನ ತುಂಡು ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ಮೇಲೆ ಹತ್ತಿದರು. ಬೀಳ್ತೀಯ ಕಣೇ ಎಂದು ಚಿತ್ರಕಾರರು ಎದ್ದರು.

"ನೂರ ಹನ್ನೆರಡು ಸಲ ಹತ್ತಿ ಬಿದ್ದಿಲ್ಲ. ನೀವು ಕೂತ್ಕೊಳ್ಳಿ. ನೀನೂ ನೆಲದ ಮೇಲೆ ಕೂತ್ಕೊಮ್ಮ. ಕುರ್ಚಿ ಮೇಲಿಂದ ಕಾಣಲ್ಲ."

ಪಟ್ಟಿ ಹುಡುಗಿ ನೆಲದ ಮೇಲೆ ಕೂತಳು. ಆಕೆ ಒಂದು ಕೈಯನ್ನು ಸೊಂಟದ ಮೇಲಿಟ್ಟು ಇನ್ನೊಂದನ್ನು ಎತ್ತಿದರು. ಭುಜ ಹಿಂದೆ ಸರಿಯಿತು, ಗಲ್ಲ ಮೇಲೇರಿತು. ಅದು ಒದ್ದೆ ಬಟ್ಟೆಗಳನ್ನು ಎತ್ತರದ ತಂತಿಯ ಮೇಲೆ ಎಸೆಯುವ ಭಂಗಿ. ಇಪ್ಪತ್ತಾರು ವರ್ಷ ದಿನಕ್ಕೆ ಮುನ್ನೂರು ಬಟ್ಟೆ ಎಸೆದ ತೋಳು ಸುಮ್ಮನೆ ಎತ್ತಿದರೂ ಹಾಗೆಯೇ ನಿಲ್ಲುತ್ತಿತ್ತು. ಅವಳು ಬರೆದ ದೂರದೇಶದ ಎರಡು ಚಾವಣಿ, ಮೇಲಧಿಕಾರಿ ಸೇರಿಸಿದ್ದೂ ಎರಡು, ನಾಲ್ಕೂ ಒಂದೇ ಸಲ ಅವಳ ತಲೆಯ ಮೇಲೆ ಕುಸಿದವು. ಅವಳ ಮುಂದೆ ಸಿಡಿಲಣ್ಣ ನಿಂತಿದ್ದ. ಮೂಗಿನ ಮೇಲೆ ಕನ್ನಡಕ ಇತ್ತು, ಅಷ್ಟೇ ವ್ಯತ್ಯಾಸ.

ಚಿತ್ರಕಾರರು ಬಹಳ ಹೊತ್ತು ಕುಂಚವನ್ನು ಬಟ್ಟೆಗೆ ಒರೆಸುತ್ತಲೇ ಇದ್ದರು. ಆಮೇಲೆ ಎಲ್ಲವನ್ನೂ ಒಪ್ಪಿಕೊಂಡರು. ಹದಿನೇಳನ್ನು ತಾನು ಬೇಕೆಂದು ಬರೆದದ್ದಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವ ಕೈ, ಮಡಿಕೆ ಬರೆಯುವಾಗ ಅಂಕಿಯೂ ಬಂದುಬಿಟ್ಟಿತು. ಸಂಪಾದಕರು ಇದೇನೆಂದು ಕೇಳಿದಾಗ ಹೇಳಲು ಬಾಯಿ ಬರಲಿಲ್ಲ, ಅವರೇ ಏನೋ ರಹಸ್ಯಸಂಖ್ಯೆ ಎಂದು ಊಹಿಸಿ ಬೆನ್ನು ತಟ್ಟಿದರು, ಪ್ರತಿ ತಿಂಗಳೂ ಇರಲಿ ಎಂದರು, ಇವರು ಹಾಗೇ ಆಗಲಿ ಎಂದರು. ಮಾದರಿಗೆ ನಿಲ್ಲುವ ಪೈಲ್ವಾನ ಯಾರು, ಒಮ್ಮೆ ಕರೆದುಕೊಂಡು ಬಾ ಎಂದು ಅವರು ಹಟ ಹಿಡಿದಾಗ, ಪೈಲ್ವಾನ ಹಡಗು ಹತ್ತಿ ಹೋದ ಎಂದು ಇವರು ಸುಳ್ಳು ಹೇಳಿದರು. ದೇಶದ ಹುಡುಗರೆಲ್ಲ ಎದೆಯುಬ್ಬಿಸಿ ಅನುಕರಿಸುವ ವೀರ ತನ್ನ ಹೆಂಡತಿ ಎಂದು ಹೇಳಿದರೆ ಪತ್ರಿಕೆ ಮುಳುಗೀತು ಎಂಬ ಭಯ. ಪತ್ರಿಕೆ ಮುಳುಗಿದ ಮೇಲೂ ಆ ಭಯ ಹೋಗಲಿಲ್ಲ, ರೂಢಿಯಾಗಿ ಉಳಿದುಕೊಂಡಿತು.

"ಇರಲಿ ಬಿಡಮ್ಮ," ಎಂದರು ಕೊನೆಗೆ. "ನೀನು ಬರೆದದ್ದೇ ಇರಲಿ. ಓದೋಕೆ ಚೆನ್ನಾಗಿದೆ. ನಿನ್ನ ಕೆಲಸಾನೂ ಉಳಿಯುತ್ತೆ."

ಹೆಂಡತಿ ಸ್ಟೂಲಿನಿಂದ ಇಳಿದರು. ನೇರ ಒಳಗೆ ಹೋದರು. ಇಸ್ತ್ರಿಪೆಟ್ಟಿಗೆ ಮತ್ತೆ ಓಡತೊಡಗಿತು, ಈಗ ಸ್ವಲ್ಪ ಜೋರಾಗಿ. ಹಾಸಿಗೆ ಬಟ್ಟೆ ಹುಡುಗಿಯ ತೊಡೆಯ ಮೇಲೆಯೇ ಇತ್ತು. ಇದನ್ನು ಎರಡು ದಿನ ತೆಗೆದುಕೊಂಡು ಹೋಗಲೇ ಎಂದು ಅವಳು ಒಳಗಿನ ಬಾಗಿಲಿಗೆ ಕೇಳಿದಳು. ಒಗೆದು ಕೊಡಬೇಡ, ನಿನಗೆ ಬರಲಿಕ್ಕಿಲ್ಲ ಎಂದಷ್ಟೇ ಉತ್ತರ ಬಂತು.

ಬುಧವಾರ ಮತ್ತು ಗುರುವಾರ ಅವಳು ನೆಲಮಾಳಿಗೆಯಲ್ಲಿ ಭೂತಕನ್ನಡಿ ಹಿಡಿದು ನೂರ ಹನ್ನೆರಡು ಮುಖಪುಟಗಳನ್ನೂ ಒಂದೊಂದಾಗಿ ನೋಡಿದಳು. ಬುದ್ಧಿ ಇದ್ದವರಿಗೆ ನಾಲ್ಕೈದು ನೋಡಿದರೆ ಸಾಕಾಗುತ್ತಿತ್ತು; ಇವಳಿಗೆ ಸಾಲಲಿಲ್ಲ. ಇಪ್ಪತ್ತೊಂದರಲ್ಲಿ ಹೊದಿಕೆಯ ಮೂಲೆ ಚಿತ್ರದ ಆಚೆಗೆ ಹೋಗಿತ್ತು. ಉಳಿದ ತೊಂಬತ್ತೊಂದರಲ್ಲೂ ಹದಿನೇಳು ಇತ್ತು, ತೊಂಬತ್ತೊಂದರಲ್ಲೂ ಏಳರ ಬಾಲದಲ್ಲಿ ಒಂದು ಹೊಲಿಗೆಯಷ್ಟು ಜಾಗ ಖಾಲಿ ಇತ್ತು. ಮೂವತ್ತೆಂಟನೆಯ ಸಂಚಿಕೆಯಿಂದ ಮುಂದೆ ಹೊದಿಕೆಯ ನಡುವೆ ಇದ್ದ ಗಾಢ ಕೆಂಪಿನ ಸಣ್ಣ ಚೌಕ ದೊಡ್ಡದಾಗಿತ್ತು. ಬಟ್ಟೆ ಬಿಡಿಸಿ ನೋಡಿದರೆ ಆ ತೇಪೆಯ ಒಂದು ಬದಿಯಲ್ಲಿ ಹಳೆಯ ದಾರ, ಮೂರು ಬದಿಗೆ ಬೇರೆ ದಾರ. ನಡುವೆ ಯಾವಾಗಲೋ ಎರಡನೆಯ ಸಲ ಹರಿದು ತೇಪೆ ದೊಡ್ಡದಾಗಿತ್ತು. ಹರಿದದ್ದನ್ನೂ ಆ ಮನುಷ್ಯ ಬಿಟ್ಟಿರಲಿಲ್ಲ.

ಸಹಿ ಇಲ್ಲದ ಮುಖಪುಟಗಳು ಎಂದು ಅವಳು ತನ್ನ ಬರಹದ ಮೊದಲ ಸಾಲಿನಲ್ಲೇ ಬರೆದಿದ್ದಳು. ಅದನ್ನು ಈಗ ಮತ್ತೆ ಓದಿ ಪೆನ್ಸಿಲು ಕೆಳಗಿಟ್ಟಳು. ಸಹಿ ಇತ್ತು. ಬರೆದವರದಲ್ಲ, ನಿಂತವರದು.

ಶುಕ್ರವಾರ ಬೆಳಿಗ್ಗೆ ಅವಳು ಕರಡಚ್ಚನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟು, ಇದು ಪೂರ್ತಿ ತಪ್ಪು ಎಂದಳು. ಅವರು ಮೊದಲು ಆಧಾರ ಕೇಳಿದರು. ಅವಳು ಹಾಸಿಗೆ ಬಟ್ಟೆ ಬಿಡಿಸಿದಳು. ಮೇಜು ಪೂರ್ತಿ ಮುಚ್ಚಿಹೋಗಿ ಅವರ ಕಾಫಿ ಲೋಟ ಅದರಡಿಯಲ್ಲಿ ಒಂದು ಸಣ್ಣ ಗುಡ್ಡದ ಹಾಗೆ ನಿಂತಿತು. ಅವರು ಭೂತಕನ್ನಡಿ ಇಸಿದುಕೊಂಡರು. ಹತ್ತು ಮುಖಪುಟ ನೋಡಿದರು. ಹನ್ನೊಂದನೆಯದಕ್ಕೆ ಕೈ ಹಾಕಿದವರು ಹಾಗೆಯೇ ನಿಂತರು.

"ಚಿತ್ರದ ತಂದೇನ ಹುಡುಕು ಅಂತ ಕಳಿಸಿದ್ದೆ."

"ತಂದೆ ಸಿಗಲಿಲ್ಲ ಸರ್. ಹೆಂಡತಿ ಸಿಕ್ಕರು."

ಮೇಲಧಿಕಾರಿ ನಕ್ಕುಬಿಡಲಿಲ್ಲ, ಅವಳನ್ನು ಅಪ್ಪಿಕೊಳ್ಳಲೂ ಇಲ್ಲ. ಅವರು ಆ ಜಾತಿಯ ಅಧಿಕಾರಿಯಾಗಿರಲಿಲ್ಲ. ತಮ್ಮ ಚಾವಣಿಗಳು ಹೋದದ್ದಕ್ಕೆ ಅವರಿಗೆ ಬೇಸರವಾದದ್ದು ಮುಖದಲ್ಲೇ ಕಾಣುತ್ತಿತ್ತು. ಕಿರುಪುಸ್ತಕ ಈಗ ಹೊಸದಾಗಿ ಆಗುವ ಮಾತಲ್ಲ, ನಾಲ್ಕು ಪುಟ ಮಾತ್ರ ಬರೆ, ಅದಕ್ಕೆ ಕಾಯಂ ಕೆಲಸ ಕೊಡಿ ಎಂದು ನಾನು ಮೇಲಿನವರನ್ನು ಕೇಳಲಾರೆ ಎಂದರು. ಇನ್ನೂ ಆರು ತಿಂಗಳು ತಾತ್ಕಾಲಿಕವಾಗಿ ಮುಂದುವರಿಸಬಹುದು, ಅಷ್ಟೇ. ಅವಳು ಆಗಲಿ ಸರ್ ಎಂದು ಹೊರಡುವಾಗ ಅವರು ಹಿಂದಿನಿಂದ ಕರೆದರು. ಆ ಸ್ಟೂಲು ಇನ್ನೂ ಇದೆಯೇ ಎಂದು ಕೇಳಿದರು.

ಪ್ರದರ್ಶನ ತೆರೆದ ದಿನ ಸ್ಟೂಲು ಸಭಾಂಗಣದ ನಡುವೆ ಇತ್ತು, ಅದರ ಮೇಲೆ ಹಾಸಿಗೆ ಬಟ್ಟೆ ಇಳಿಬಿದ್ದಿತ್ತು, ಸುತ್ತ ಗೋಡೆಗಳ ಮೇಲೆ ನೂರ ಹನ್ನೆರಡು ಸಿಡಿಲಣ್ಣಂದಿರು. ಸ್ಟೂಲಿನ ಪಕ್ಕದ ಫಲಕದಲ್ಲಿ ಹದಿನಾಲ್ಕು ಸಾಲು. ಚಿತ್ರಕಾರರು ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಕಥೆಗಾರರು ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಕೋಳಿ ಬಸ್ಸಿನ ಚಿತ್ರ ಎಲ್ಲಿದೆ ಎಂದು ತೋರಿಸುತ್ತ, ನನ್ನ ಜ್ವರ ನೋಡಿ ಎನ್ನುತ್ತಿದ್ದರು. ಚಿತ್ರಕಾರರ ಹೆಂಡತಿ ಫಲಕವನ್ನು ಎರಡು ಸಲ ಓದಿದರು. ಮೂರನೆಯ ಸಲ ಓದುವಾಗ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಬೊಕ್ಕತಲೆಯ ಒಬ್ಬರು, ಚಿಕ್ಕಂದಿನಲ್ಲಿ ಒಂದು ಸಂಚಿಕೆಯೂ ತಪ್ಪಿಸದೆ ಓದಿದವರಂತೆ, ಹಳೆಯ ಪ್ರತಿಯೊಂದನ್ನು ಹಿಡಿದು ಸಹಿ ಬೇಕೆಂದು ಚಿತ್ರಕಾರರ ಮುಂದೆ ನಿಂತರು. ಚಿತ್ರಕಾರರು ಪೆನ್ನು ತೆಗೆದುಕೊಂಡರು. ಹಾಗೆಯೇ ಹಿಂದಕ್ಕೆ ಕೊಟ್ಟರು.

"ಸಹಿ ಆಗಲೇ ಇದೆ ನೋಡಿ," ಎಂದು ಹೊದಿಕೆಯ ಮೂಲೆಯ ಮೇಲೆ ಬೆರಳಿಟ್ಟರು. "ಇವಳದ್ದು."

ಪಟ್ಟಿ ಹುಡುಗಿ ಆಕೆಯ ಮುಖ ನೋಡಿದಳು. ಆಕೆ ಗಂಡನ ಕಡೆ ತಿರುಗಲೇ ಇಲ್ಲ.

"ಮೊದಲೇ ಹೇಳಿದ್ದರೆ ಆ ಏಳನ್ನ ನೆಟ್ಟಗೆ ಹೊಲೀತಿದ್ದೆ," ಎಂದರು.

ಮಧ್ಯಾಹ್ನದ ಹೊತ್ತಿಗೆ ಜನ ಸ್ಟೂಲು ಹತ್ತಿ ಕೈ ಎತ್ತಿ ನಿಲ್ಲತೊಡಗಿ, ಸಂಗ್ರಹಾಲಯದವರು ಸುತ್ತ ಹಗ್ಗ ಕಟ್ಟಬೇಕಾಯಿತು. ಸಂಜೆ ಮುಚ್ಚುವ ಮುಂಚೆ, ಆ ಬೀದಿಯ ಚಪ್ಪಲಿ ಅಂಗಡಿಯವರು ಗೋಡೆಗಳ ಉದ್ದಕ್ಕೂ ನಿಧಾನವಾಗಿ ನಡೆದು, ಪ್ರತಿ ಚಿತ್ರದ ಕೆಳಭಾಗವನ್ನು ಮಾತ್ರ ಬಗ್ಗಿ ನೋಡಿ ಬಂದರು. ಬಹಳ ಮರ್ಯಾದೆಯಿಂದ, ನೂರ ಹನ್ನೆರಡರಲ್ಲಿ ಒಂದು ಪಾದವೂ ಇಲ್ಲವಲ್ಲ ಯಜಮಾನರೇ, ನಮ್ಮಂಥವರ ಹೊಟ್ಟೆ ಮೇಲೆ ಯಾಕೆ ಇಷ್ಟು ಸಿಟ್ಟು ಎಂದು ಕೇಳಿದರು. ಚಿತ್ರಕಾರರು ಬಾಯಿ ತೆರೆದರು. ಭೂಮಿಯ ಬಂಧನ ಬಂತು ಎಂದು ಕಥೆಗಾರರು ಹೊಟ್ಟೆ ಹಿಡಿದುಕೊಂಡರು. ಚಿತ್ರಕಾರರು ಪಟ್ಟಿ ಹುಡುಗಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಬರೆಯೋಕೆ ಬರಲ್ಲ ನನಗೆ," ಎಂದರು.

ಅವರ ಬಾಯಿಂದ ಯಾರ ಮಾತಿಗೂ ತಲೆದೂಗದೆ ತಾನಾಗಿ ಬಂದ ಉತ್ತರ ಪಟ್ಟಿ ಹುಡುಗಿಯ ನೋಟುಪುಸ್ತಕದಲ್ಲಿ ಇದೊಂದೇ ಇದೆ.

ಈಗ ಅವರು ಬೋರ್ಡು ಬರೆಯುವುದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದಾರೆ. ಉಳಿದ ದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಹೆಂಡತಿ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಾರೆ, ಕಾಲುಗಳನ್ನು ಒಂದು ಹೊಸ ಸ್ಟೂಲಿನ ಮೇಲೆ ಇಟ್ಟಿರುತ್ತಾರೆ. ಚಿತ್ರಕಾರರು ನೆಲದ ಮೇಲೆ ಕೂತು ಹಲಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಪಾದಗಳನ್ನು ಬರೆಯುತ್ತಾರೆ.